ರಿಜಿಸ್ಟರ್ ಕಂಪ್ಯೂಟರಿಗೆ ಏರುವ ಮುನ್ನ ಒಂದು ಚಿತ್ರ ಬೇಕು

ಮಾನ್ಯ ಸಂಪಾದಕರೇ,

ಕಾಸರಗೋಡು, ಮಂಜೇಶ್ವರ ತಾಲೂಕುಗಳ ಗ್ರಂಥಾಲಯಗಳು, ಹಾಲಿನ ಸೊಸೈಟಿಗಳು, ಹಳೆ ವಿದ್ಯಾರ್ಥಿ ಸಂಘಗಳು ತಮ್ಮ ರಿಜಿಸ್ಟರುಗಳನ್ನು ಕಂಪ್ಯೂಟರಿಗೆ ಏರಿಸುತ್ತಿರುವುದು ಸಂತೋಷದ ಸಂಗತಿ. ಆದರೆ ಈ ಕೆಲಸ ಬಹಳ ಕಡೆ ತುದಿಯಿಂದ ಶುರುವಾಗುತ್ತದೆ. ಪರದೆ ಹೇಗೆ ಕಾಣಬೇಕು, ಬಟನ್ ಎಲ್ಲಿರಬೇಕು ಎಂಬ ಮಾತು ಮೊದಲು ಮುಗಿಯುತ್ತದೆ. ಆಮೇಲೆ ರಿಜಿಸ್ಟರಿನ ಕಾಲಂಗಳನ್ನು ಇದ್ದ ಹಾಗೆಯೇ ಒಂದು ದೊಡ್ಡ ಟೇಬಲ್ಲಿಗೆ ಇಳಿಸುತ್ತಾರೆ. ಆರು ತಿಂಗಳು ತೊಂದರೆಯಿಲ್ಲದೆ ನಡೆಯುತ್ತದೆ. ಬಳಿಕ ಒಬ್ಬರೇ ಸದಸ್ಯರು ಎರಡು ಕಡೆ ಕಾಣಿಸುತ್ತಾರೆ, ಕಪಾಟಿನಲ್ಲೇ ಇರುವ ಪುಸ್ತಕವನ್ನು 'ಹೊರಗಿದೆ' ಎಂದು ಪರದೆ ತೋರಿಸುತ್ತದೆ, ವರ್ಷದ ಕೊನೆಯ ವರದಿ ತಾಳೆಯಾಗುವುದಿಲ್ಲ. ಅಷ್ಟರಲ್ಲಿ ಸಾವಿರಾರು ಸಾಲು ತುಂಬಿಸಿ ಆಗಿರುತ್ತದೆ.

ಇಂಥ ತೊಂದರೆಗಳಲ್ಲಿ ಹೆಚ್ಚಿನವು ಹುಟ್ಟುವುದು ಇಆರ್ ಚಿತ್ರ, ಅಂದರೆ ಯಾವುದರ ಲೆಕ್ಕ ಇಡಬೇಕು, ಅವುಗಳ ನಡುವೆ ಏನು ನಂಟು ಎಂದು ತೋರಿಸುವ ನಕ್ಷೆ, ಬಿಡಿಸದೆ ಟೇಬಲ್ ಕಟ್ಟಿದ್ದರಿಂದ. ಡೇಟಾಬೇಸ್ ಪಾಠ ಹೇಳುವ, ಕಟ್ಟುವ ಕೆಲವರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. ಊರಿನ ಗ್ರಂಥಾಲಯವೊಂದನ್ನೇ ಉದಾಹರಣೆಯಾಗಿ ಹಿಡಿದು ಆ ಚಿತ್ರವನ್ನು ಹೇಗೆ ಬಿಡಿಸುವುದು, ಎಲ್ಲಿ ಎಡವುತ್ತಾರೆ ಎಂಬುದನ್ನು ಸಮಿತಿಯವರಿಗೂ ವಿದ್ಯಾರ್ಥಿಗಳಿಗೂ ತಿಳಿಯುವಂತೆ ಹೇಳುವುದು ನಮ್ಮ ಉದ್ದೇಶ. ಪತ್ರ ಸ್ವಲ್ಪ ಉದ್ದವಾದರೂ ದಯವಿಟ್ಟು ಪ್ರಕಟಿಸಬೇಕು.

ಇಆರ್ ಎಂದರೆ ಎಂಟಿಟಿ ಮತ್ತು ರಿಲೇಶನ್‌ಶಿಪ್. ನಾವು ಲೆಕ್ಕ ಇಡಬೇಕಾದ ಒಂದೊಂದು ಬಗೆಯ ವಸ್ತು, ವ್ಯಕ್ತಿ ಅಥವಾ ಘಟನೆ ಒಂದು ಎಂಟಿಟಿ. ಅವುಗಳ ನಡುವಿನ ನಂಟು ರಿಲೇಶನ್‌ಶಿಪ್. 1970ರಲ್ಲಿ ಕಂಪ್ಯೂಟರ್ ವಿಜ್ಞಾನಿ ಎಡ್ಗರ್ ಕಾಡ್ ಮಾಹಿತಿಯನ್ನು ಟೇಬಲ್‌ಗಳಲ್ಲಿ ಇಡುವ ಮಾದರಿಯನ್ನು ಮಂಡಿಸಿದರು, 1976ರಲ್ಲಿ ಪೀಟರ್ ಚೆನ್ ಈ ಚಿತ್ರದ ಪದ್ಧತಿಯನ್ನು ಪ್ರಕಟಿಸಿದರು. ಚೆನ್ ಪದ್ಧತಿಯಲ್ಲಿ ಎಂಟಿಟಿಗೆ ಆಯತ, ಸಂಬಂಧಕ್ಕೆ ವಜ್ರಾಕಾರ, ವಿವರಗಳಿಗೆ ಮೊಟ್ಟೆಯಾಕಾರ. ಗುರುತು ಹಿಡಿಯುವ ವಿವರಕ್ಕೆ ಅಡಿಗೆರೆ. ಕೆಲಸದ ಜಾಗಗಳಲ್ಲಿ ಈಗ ಹೆಚ್ಚು ಕಾಣುವುದು ಕಾಗೆಕಾಲಿನ ಪದ್ಧತಿ: ಗೆರೆಯ ತುದಿ ಮೂರು ಬೆರಳಾಗಿ ಒಡೆದಿದ್ದರೆ 'ಹಲವು', ಅಡ್ಡಗೆರೆಯಿದ್ದರೆ 'ಒಂದು', ಸೊನ್ನೆಯಿದ್ದರೆ 'ಇಲ್ಲದೆಯೂ ಇರಬಹುದು'. ಯಾವುದನ್ನು ಬಳಸಿದರೂ ಸರಿ, ಒಂದೇ ಹಾಳೆಯಲ್ಲಿ ಎರಡನ್ನೂ ಬೆರೆಸಬಾರದು.

ಈಗ ಗ್ರಂಥಾಲಯದ ಇಶ್ಯೂ ರಿಜಿಸ್ಟರಿನ ಒಂದು ಸಾಲು ನೋಡೋಣ. ಆಕ್ಸೆಷನ್ ನಂಬರ್ (ಒಂದೊಂದು ಪ್ರತಿಗೂ ಗ್ರಂಥಾಲಯ ಕೊಡುವ ಸಂಖ್ಯೆ), ಪುಸ್ತಕದ ಹೆಸರು, ಲೇಖಕರು, ಸದಸ್ಯರ ನಂಬರ್, ಹೆಸರು, ಕೊಂಡುಹೋದ ತಾರೀಕು, ಹಿಂದೆ ಕೊಟ್ಟ ತಾರೀಕು, ಸಹಿ. ಕಾಗದದ ಮೇಲೆ ಇದು ಒಂದೇ ಸಾಲಾದರೂ ಇದರೊಳಗೆ ಕಡಿಮೆಯೆಂದರೆ ಐದು ಎಂಟಿಟಿಗಳಿವೆ: ಕೃತಿ, ಪ್ರತಿ, ಲೇಖಕ, ಸದಸ್ಯ, ಎರವಲು. ಇವನ್ನು ಬಿಡಿಸಿ ನೋಡಲು ಅತ್ಯಂತ ಸುಲಭದ ದಾರಿ ರಿಜಿಸ್ಟರ್ ಬರೆಯುವವರಿಂದಲೇ ಪೂರ್ತಿ ವಾಕ್ಯ ಹೇಳಿಸುವುದು. 'ಸದಸ್ಯನು ಪ್ರತಿಯನ್ನು ಜೂನ್ 19ರಂದು ಕೊಂಡುಹೋದನು' ಎಂದರೆ ಕರ್ತೃ ಒಂದು ಎಂಟಿಟಿ, ಕರ್ಮ ಇನ್ನೊಂದು ಎಂಟಿಟಿ, ಕ್ರಿಯಾಪದ ಅವುಗಳ ನಡುವಿನ ಸಂಬಂಧ. 'ಜೂನ್ 19ರಂದು' ಎಂಬುದು ಸದಸ್ಯನ ವಿವರವೂ ಆಗದು, ಪ್ರತಿಯ ವಿವರವೂ ಆಗದು. ಅದು ಕೊಂಡುಹೋಗುವ ಕ್ರಿಯೆಗೆ ಸೇರಿದ್ದು. ಆ ಕ್ರಿಯೆಗೂ ಲೆಕ್ಕ ಇಡಬೇಕಾದ್ದರಿಂದ ಅದನ್ನೇ ಮೇಲೆ 'ಎರವಲು' ಎಂಬ ಎಂಟಿಟಿಯಾಗಿ ಎಣಿಸಿದೆವು. ಚೆನ್ ಅವರೇ ಇಂಗ್ಲಿಷ್ ವಾಕ್ಯರಚನೆಯನ್ನು ಹೀಗೆ ಚಿತ್ರಕ್ಕೆ ಹೊಂದಿಸಿ ತೋರಿಸಿದ್ದರು. ನಮ್ಮಲ್ಲಿ ವಿಭಕ್ತಿ ಪ್ರತ್ಯಯಗಳಿರುವುದರಿಂದ ಯಾರು, ಯಾರನ್ನು, ಯಾರಿಂದ ಎಂಬುದು ಪದದ ಬಾಲದಲ್ಲೇ ಕಾಣುತ್ತದೆ. ಇಆರ್ ಚಿತ್ರವನ್ನು ಕನ್ನಡದಲ್ಲಿ ಯೋಚಿಸಿ ಕನ್ನಡದಲ್ಲೇ ಬಿಡಿಸಿ ಎಂದು ನಾವು ಹೇಳುವುದು ಇದಕ್ಕೇ.

ಆದರೆ ಕನ್ನಡದ ಮಾತಿನಲ್ಲಿ ಎರಡು ಕಡೆ ಎಚ್ಚರ ಬೇಕು. ಮೊದಲನೆಯದು 'ಪುಸ್ತಕ' ಎಂಬ ಪದ. 'ಆ ಪುಸ್ತಕ ನಮ್ಮಲ್ಲಿ ಮೂರು ಇದೆ' ಎನ್ನುವಾಗ ಪುಸ್ತಕ ಎಂದರೆ ಕೃತಿ. 'ಆ ಪುಸ್ತಕದ ರಟ್ಟು ಕಿತ್ತುಹೋಗಿದೆ' ಎನ್ನುವಾಗ ಪುಸ್ತಕ ಎಂದರೆ ಕೈಯಲ್ಲಿರುವ ಒಂದು ಪ್ರತಿ. ಲೇಖಕ, ವಿಷಯ, ಭಾಷೆ ಇವೆಲ್ಲ ಕೃತಿಗೆ ಸೇರುತ್ತವೆ. ಆಕ್ಸೆಷನ್ ನಂಬರ್, ಬೆಲೆ, ದಾನಿಯ ಹೆಸರು, ಕಪಾಟು, ಸ್ಥಿತಿ ಇವು ಪ್ರತಿಗೆ. ಎರವಲಿನ ಗೆರೆ ಪ್ರತಿಗೇ ತಾಗಬೇಕು. ಕೃತಿಗೆ ತಾಗಿಸಿದರೆ ಮೂರು ಪ್ರತಿಗಳಲ್ಲಿ ಒಂದು ಹೊರಗೆ ಹೋದ ಕೂಡಲೇ ಮೂರೂ ಹೊರಗಿವೆ ಎಂದು ಪರದೆ ಹೇಳುತ್ತದೆ. ನ್ಯೂಜಿಲೆಂಡಿನಲ್ಲಿ ಹುಟ್ಟಿ 2000ದಿಂದ ಬಳಕೆಯಲ್ಲಿರುವ ಕೊಹಾ ಎಂಬ ಉಚಿತ ಗ್ರಂಥಾಲಯ ತಂತ್ರಾಂಶದಲ್ಲೂ ಕೃತಿಗೆ ಒಂದು ಟೇಬಲ್, ಪ್ರತಿಗೆ ಬೇರೆಯೇ ಒಂದು ಟೇಬಲ್ ಇದೆ.

ಎರಡನೆಯದು ವಚನ. ಕನ್ನಡದಲ್ಲಿ 'ಮೂರು ಪುಸ್ತಕ' ಎಂದರೆ ಸಾಕು, 'ಗಳು' ಬೇಕೆಂದಿಲ್ಲ. 'ಸದಸ್ಯರು ಪುಸ್ತಕ ಕೊಂಡುಹೋಗುತ್ತಾರೆ' ಎಂಬ ಮಾತಿನಿಂದ ಒಂದೋ ಹಲವೋ ಎಂದು ತಿಳಿಯುವುದಿಲ್ಲ. ಹಾಗಾಗಿ ಪ್ರತಿಯೊಂದು ಗೆರೆಗೂ ನಾಲ್ಕು ಪ್ರಶ್ನೆ ಕೇಳಲೇಬೇಕು. ಒಬ್ಬ ಸದಸ್ಯನಿಗೆ ಕಡಿಮೆಯೆಂದರೆ ಎಷ್ಟು ಎರವಲು? ಹೆಚ್ಚೆಂದರೆ ಎಷ್ಟು? ಒಂದು ಎರವಲಿಗೆ ಕಡಿಮೆಯೆಂದರೆ ಎಷ್ಟು ಸದಸ್ಯರು? ಹೆಚ್ಚೆಂದರೆ ಎಷ್ಟು? ಇಂದೇ ಸದಸ್ಯತ್ವ ಪಡೆದವನಿಗೆ ಎರವಲೇ ಇಲ್ಲ, ಆದ್ದರಿಂದ ಎರವಲಿನ ಬದಿಗೆ ಸೊನ್ನೆ ಮತ್ತು ಕಾಗೆಕಾಲು. ಒಂದೊಂದು ಎರವಲಿಗೂ ಒಬ್ಬನೇ ಸದಸ್ಯ, ಇಲ್ಲದೆ ನಡೆಯದು; ಆದ್ದರಿಂದ ಸದಸ್ಯನ ಬದಿಗೆ ಎರಡು ಅಡ್ಡಗೆರೆ, ಅಂದರೆ ಕಡಿಮೆಯೆಂದರೂ ಒಂದು, ಹೆಚ್ಚೆಂದರೂ ಒಂದು.

ವಿದ್ಯಾರ್ಥಿಗಳು ಹೆಚ್ಚು ತಪ್ಪುವುದು ಈ ಗುರುತುಗಳನ್ನು ಓದುವಲ್ಲಿ. ಕಾಗೆಕಾಲಿನ ಪದ್ಧತಿಯಲ್ಲಿ ಒಂದು ಎಂಟಿಟಿಯಿಂದ ಹೊರಟು ಗೆರೆಯ ಆಚೆ ತುದಿಯ ಗುರುತನ್ನು ಓದಬೇಕು. ಕೆಲವು ಪಠ್ಯಗಳಲ್ಲಿ ಕನಿಷ್ಠ, ಗರಿಷ್ಠ ಎಂದು ಜೋಡಿ ಅಂಕಿ ಬರೆಯುವ ಕ್ರಮವಿದೆ. ಅಲ್ಲಿ ಅಂಕಿಗಳು ಈಚೆ ತುದಿಯಲ್ಲೇ, ಅಂದರೆ ಯಾವ ಎಂಟಿಟಿಯ ಬಗ್ಗೆ ಹೇಳುತ್ತೇವೋ ಅದರ ಪಕ್ಕದಲ್ಲೇ ಇರುತ್ತವೆ. ಎರಡು ಪಠ್ಯ ಓದಿದವರು ಗೆರೆಯನ್ನು ತಲೆಕೆಳಗೆ ಬಿಡಿಸುವುದು ಇದರಿಂದಲೇ. ಉಪಾಯ ಸರಳ: ಬಿಡಿಸಿದ ಮೇಲೆ ಪ್ರತಿ ಗೆರೆಯನ್ನೂ ಎರಡೂ ದಿಕ್ಕಿನಿಂದ ಗಟ್ಟಿಯಾಗಿ ವಾಕ್ಯ ಮಾಡಿ ಓದಿ, ಲೈಬ್ರೇರಿಯನ್ ಹೌದೆಂದರೆ ಮಾತ್ರ ಮುಂದೆ ಹೋಗಿ.

ಎರವಲಿನ ಎಂಟಿಟಿಯ ಬಳಿ ಇನ್ನಷ್ಟು ಹೊತ್ತು ನಿಲ್ಲಬೇಕು, ಏಕೆಂದರೆ ಇಲ್ಲಿ ಪಳಗಿದವರೂ ಜಾರುತ್ತಾರೆ. ಸದಸ್ಯ ಮತ್ತು ಪ್ರತಿಯ ನಡುವಿನ ಸಂಬಂಧ ಹಲವಕ್ಕೆ ಹಲವು: ಒಬ್ಬ ಸದಸ್ಯ ಹಲವು ಪ್ರತಿ ಒಯ್ಯುತ್ತಾನೆ, ಒಂದು ಪ್ರತಿ ವರ್ಷಗಳಲ್ಲಿ ಹಲವರ ಕೈಗೆ ಹೋಗುತ್ತದೆ. ಇಂಥದ್ದಕ್ಕೆ ನಡುವೆ ಒಂದು ಟೇಬಲ್ ಬೇಕೆಂದು ಎಲ್ಲರೂ ಕಲಿತಿರುತ್ತಾರೆ. ಅದರ ಪ್ರೈಮರಿ ಕೀ, ಅಂದರೆ ಒಂದೊಂದು ಸಾಲನ್ನೂ ಬೇರೆಯಾಗಿ ಗುರುತಿಸುವ ವಿವರ, ಎಂದು ಸದಸ್ಯ ನಂಬರ್ ಮತ್ತು ಆಕ್ಸೆಷನ್ ನಂಬರ್ ಎರಡನ್ನೂ ಜೋಡಿಸಿಬಿಡುತ್ತಾರೆ. ಸದಸ್ಯ ನಂಬರ್ 46 ಇರುವವರು 1187ನೇ ಪ್ರತಿಯನ್ನು ಜೂನ್‌ನಲ್ಲಿ ಓದಿ ಕೊಟ್ಟು, ಡಿಸೆಂಬರ್‌ನಲ್ಲಿ ಮತ್ತೊಮ್ಮೆ ಕೇಳಿದರು ಎನ್ನಿ. ಆ ಜೋಡಿ ಟೇಬಲ್ಲಿನಲ್ಲಿ ಆಗಲೇ ಇರುವುದರಿಂದ ಕಂಪ್ಯೂಟರ್ ಒಪ್ಪುವುದಿಲ್ಲ. ಲೈಬ್ರೇರಿಯನ್ ಜೂನ್‌ನ ಸಾಲನ್ನು ಅಳಿಸಿ ಹೊಸದು ಬರೆಯುತ್ತಾರೆ, ಹಳೆಯ ದಾಖಲೆ ಹೋಯಿತು. ಕೀಯಲ್ಲಿ ಕೊಂಡುಹೋದ ತಾರೀಕನ್ನೂ ಸೇರಿಸಬೇಕು, ಇಲ್ಲವೇ ಎರವಲಿಗೆ ಅದರದೇ ಕ್ರಮಸಂಖ್ಯೆ ಕೊಡಬೇಕು. ನಮ್ಮ ಸಲಹೆ ಎರಡನೆಯದು, ಏಕೆಂದರೆ ಬೆಳಿಗ್ಗೆ ಕೊಟ್ಟ ಪುಸ್ತಕವನ್ನು ಅದೇ ಸದಸ್ಯರು ಸಂಜೆ ಮತ್ತೆ ಕೊಂಡುಹೋಗಬಹುದು.

ಒಂದು ಪ್ರತಿ ಒಂದೇ ಹೊತ್ತಿಗೆ ಇಬ್ಬರ ಬಳಿ ಇರಲಾರದು ಎಂಬ ನಿಯಮವನ್ನು ಇಆರ್ ಚಿತ್ರದ ಯಾವ ಗುರುತೂ ಹೇಳುವುದಿಲ್ಲ. ಅದನ್ನು ಹಾಳೆಯ ಬದಿಯಲ್ಲಿ ಮಾತಿನಲ್ಲೇ ಬರೆದಿಡಬೇಕು. ಟೇಬಲ್ ಕಟ್ಟುವಾಗ ಅದು 'ಹಿಂದೆ ಕೊಟ್ಟ ತಾರೀಕು ಖಾಲಿಯಿರುವ ಸಾಲು ಒಂದು ಪ್ರತಿಗೆ ಒಂದೇ' ಎಂಬ ಷರತ್ತಾಗುತ್ತದೆ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ ಷರತ್ತಿನ ಯೂನಿಕ್ ಇಂಡೆಕ್ಸ್, ಅಂದರೆ ಅಂಥ ಸಾಲು ಎರಡಾಗದಂತೆ ತಡೆಯುವ ಏರ್ಪಾಡು, ಹಾಕಿದರೆ ಆಯಿತು. ತಡವಾದ ದಿನಗಳನ್ನು ತಾರೀಕಿನಿಂದ ಲೆಕ್ಕ ಹಾಕಬಹುದಾದ್ದರಿಂದ ಅದನ್ನು ಕಾಲಂ ಮಾಡಬೇಡಿ. ಚೆನ್ ಪದ್ಧತಿಯಲ್ಲಿ ಇದಕ್ಕೆಂದೇ ಚುಕ್ಕೆಗೆರೆಯ ಮೊಟ್ಟೆಯಾಕಾರವಿದೆ. ಆದರೆ ವಸೂಲಾದ ದಂಡದ ಮೊತ್ತವನ್ನು ಬರೆದಿಡಲೇಬೇಕು, ಮುಂದಿನ ವರ್ಷ ದಂಡದ ದರ ಬದಲಾದರೆ ಹಳೆಯ ರಶೀದಿ ಬದಲಾಗಬಾರದಲ್ಲ.

ಸದಸ್ಯನ ಸಾಲಿನಲ್ಲೇ 'ಪುಸ್ತಕ ಒಂದು, ಪುಸ್ತಕ ಎರಡು, ಪುಸ್ತಕ ಮೂರು' ಎಂದು ಕಾಲಂ ಮಾಡುವ ತಪ್ಪಂತೂ ಎಲ್ಲೆಲ್ಲೂ ಇದೆ. ಸಮಿತಿ ನಾಲ್ಕು ಪುಸ್ತಕ ಕೊಡಬಹುದು ಎಂದು ನಿರ್ಣಯಿಸಿದ ದಿನ ತಂತ್ರಾಂಶವನ್ನೇ ಬಿಚ್ಚಬೇಕಾಗುತ್ತದೆ. 1187ನೇ ಪ್ರತಿ ಯಾರ ಬಳಿ ಇದೆ ಎಂದು ಹುಡುಕಲು ಮೂರು ಕಾಲಂ ತಡಕಬೇಕು. ಒಂದಕ್ಕೆ ಹಲವು ಎಂಬ ಸಂಬಂಧದಲ್ಲಿ ಫಾರಿನ್ ಕೀ, ಅಂದರೆ ಇನ್ನೊಂದು ಟೇಬಲ್ಲಿನ ಸಾಲನ್ನು ತೋರಿಸುವ ನಂಬರ್, ಹೋಗಬೇಕಾದ್ದು 'ಹಲವು' ಇರುವ ಬದಿಗೆ.

ಲೇಖಕರ ವಿಷಯದಲ್ಲಿ ಕೃತಿಗೂ ವ್ಯಕ್ತಿಗೂ ಹಲವಕ್ಕೆ ಹಲವು ಸಂಬಂಧ, ಮತ್ತು ಸಂಬಂಧಕ್ಕೇ ಒಂದು ವಿವರ ಬೇಕು: ಪಾತ್ರ. ಲೇಖಕರೋ ಅನುವಾದಕರೋ ಸಂಪಾದಕರೋ ಎಂಬುದು ವ್ಯಕ್ತಿಯ ಗುಣವಾಗಿರಲಾರದು. ಒಂದು ಕೃತಿಯಲ್ಲಿ ಲೇಖಕರಾದವರು ಇನ್ನೊಂದರಲ್ಲಿ ಅನುವಾದಕರಾಗಿರುತ್ತಾರೆ. ಮಲಯಾಳದಿಂದ ಕನ್ನಡಕ್ಕೆ, ಕನ್ನಡದಿಂದ ಮಲಯಾಳಕ್ಕೆ ಅನುವಾದಗಳು ಹೆಚ್ಚಿರುವ ನಮ್ಮ ಗ್ರಂಥಾಲಯಗಳಲ್ಲಿ ಇದನ್ನು ಬಿಟ್ಟರೆ ಅರ್ಧ ಕಪಾಟೇ ತಪ್ಪಾಗುತ್ತದೆ. ಅನುವಾದವೂ ಒಂದು ಕೃತಿಯೇ, ಅದಕ್ಕೆ ಮೂಲಕೃತಿ ಇನ್ನೊಂದು. ಕೃತಿ ಎಂಬ ಎಂಟಿಟಿಯ ಚೌಕದಿಂದ ಹೊರಟ ಗೆರೆ ಅದೇ ಚೌಕಕ್ಕೆ ಮರಳುತ್ತದೆ, ಎರಡೂ ಬದಿಗೆ ಸೊನ್ನೆಯಿರುತ್ತದೆ.

ಭಾಷೆ ಎಂಬ ಒಂದೇ ಕಾಲಂ ಇಟ್ಟರೆ ಗಡಿನಾಡಿನಲ್ಲಿ ಸಾಲದು. ತುಳು, ಬ್ಯಾರಿ ಕೃತಿಗಳು ಕನ್ನಡ ಲಿಪಿಯಲ್ಲಿವೆ. ಕೊಂಕಣಿ ಕನ್ನಡ ಲಿಪಿಯಲ್ಲೂ ಇದೆ, ದೇವನಾಗರಿಯಲ್ಲೂ ಇದೆ. ಅರಬಿ ಮಲಯಾಳವೆಂದರೆ ಭಾಷೆ ಮಲಯಾಳ, ಲಿಪಿ ಅರಬಿ. ಭಾಷೆಯೂ ಲಿಪಿಯೂ ಬೇರೆ ಬೇರೆ ವಿವರಗಳು. ತುಳು ಪುಸ್ತಕಗಳೆಷ್ಟು ಎಂದು ಕೇಳಿದಾಗ ಅವೆಲ್ಲ ಕನ್ನಡದ ಲೆಕ್ಕದಲ್ಲಿ ಕರಗಿಹೋಗಿದ್ದರೆ ಚಿತ್ರದಲ್ಲಿ ಈ ಎರಡು ಮೊಟ್ಟೆಗಳ ಬದಲು ಒಂದೇ ಇದೆ ಎಂದರ್ಥ.

ಹೆಸರುಗಳ ಬಗ್ಗೆ ನಮಗಿರುವ ಕಾಳಜಿ ಇನ್ನೂ ದೊಡ್ಡದು. ಮಂಜೇಶ್ವರದ ಕವಿಯನ್ನೇ ತೆಗೆದುಕೊಳ್ಳಿ: ಎಂ. ಗೋವಿಂದ ಪೈ, ಮಂಜೇಶ್ವರ ಗೋವಿಂದ ಪೈ, ಗೋವಿಂದ ಪೈ ಎಂ., ರಾಷ್ಟ್ರಕವಿ ಗೋವಿಂದ ಪೈ. ಲೇಖಕರ ಹೆಸರನ್ನು ಪುಸ್ತಕದ ಸಾಲಿನಲ್ಲೇ ಬರೆಯುತ್ತ ಹೋದರೆ ಒಬ್ಬರು ನಾಲ್ವರಾಗುತ್ತಾರೆ, ಮಲಯಾಳ ಮತ್ತು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದವು ಬೇರೆ. ವ್ಯಕ್ತಿಗೆ ಒಂದು ಚೌಕ ಮಾಡಿ. ಅದಕ್ಕೆ ಆತುಕೊಂಡ 'ಹೆಸರಿನ ರೂಪ' ಎಂಬ ಇನ್ನೊಂದು ಚೌಕ ಮಾಡಿ, ಅದರಲ್ಲಿ ಲಿಪಿ, ಬರಹ, ಮುಖ್ಯರೂಪ ಹೌದೋ ಅಲ್ಲವೋ ಎಂಬ ವಿವರ ಇಡಿ. ವ್ಯಕ್ತಿಯಿಲ್ಲದೆ ಹೆಸರಿನ ರೂಪಕ್ಕೆ ಅಸ್ತಿತ್ವವಿಲ್ಲ, ಆದ್ದರಿಂದ ಇದು ದುರ್ಬಲ ಎಂಟಿಟಿ. ಚೆನ್ ಪದ್ಧತಿಯಲ್ಲಿ ಜೋಡಿಗೆರೆಯ ಆಯತ. ನಿಯತಕಾಲಿಕ ಮತ್ತು ಅದರ ಸಂಚಿಕೆಯ ನಂಟೂ ಇದೇ ಬಗೆಯದು: ಯಾವ ಪತ್ರಿಕೆಯೆಂದು ಹೇಳದೆ 'ಮೂರನೇ ಸಂಚಿಕೆ' ಎಂದರೆ ಏನೂ ತಿಳಿಯದು.

ಸದಸ್ಯರಿಗೂ ಇದೇ ಕ್ರಮ. ಮೊದಲ ಹೆಸರು, ಕೊನೆಯ ಹೆಸರು ಎಂಬ ಎರಡು ಕಾಲಂ ನಮ್ಮ ಜನಕ್ಕೆ ಹೊಂದುವುದಿಲ್ಲ. ಇನಿಶಿಯಲ್ ಕೆಲವರಿಗೆ ಮನೆಹೆಸರು, ಕೆಲವರಿಗೆ ತಂದೆಯ ಹೆಸರು, ಕೆಲವರಿಗೆ ಊರು. ಪೂರ್ತಿ ಹೆಸರು ಬರೆದಂತೆ ಒಂದು, ಮನೆಹೆಸರು ಖಾಲಿ ಬಿಡಬಹುದಾದಂತೆ ಒಂದು ಇಟ್ಟರೆ ಸಾಕು.

ಊರುಗಳ ಹೆಸರಿಗೂ ಹಾಗೆಯೇ ರೂಪಗಳ ಚೌಕ ಬೇಕು. ಮಂಜೇಶ್ವರ ಮತ್ತು ಮಂಜೇಶ್ವರಂ, ಕುಂಬಳೆ ಮತ್ತು ಕುಂಬ್ಳ ಒಂದೇ ಊರಿನ ರೂಪಗಳು. ಕಾಲಂ ಒಂದೇ ಇದ್ದರೆ ಯಾರೋ ಮೊದಲು ಬರೆದದ್ದು ಉಳಿಯುತ್ತದೆ, ಉಳಿದವು ದಾಖಲೆಯಿಂದಲೇ ಅಳಿಯುತ್ತವೆ. ಕನ್ನಡದ ಊರ ಹೆಸರುಗಳು ಕಡತಗಳಲ್ಲಿ ಉಳಿಯಬೇಕೆಂದು ಕೇಳುವ ನಾವು ಅದಕ್ಕೆ ಬೇಕಾದ ಜಾಗವನ್ನು ನಾವೇ ಬಿಡಿಸುವ ಚಿತ್ರದಲ್ಲಿ ಮೊದಲು ಮಾಡಿಕೊಡಬೇಕು.

ಊರು ಯಾವ ಜಿಲ್ಲೆಗೆ ಸೇರಿದೆ ಎಂಬುದೂ ಕಾಲಕ್ಕೆ ತಕ್ಕಂತೆ ಬದಲಾಗಿದೆ. ಮಂಜೇಶ್ವರ ಕಡೆಯ ಒಂದು ಗ್ರಾಮ 1956ರ ಅಕ್ಟೋಬರ್ ಕೊನೆಯವರೆಗೆ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ನವೆಂಬರ್ 1ರಂದು ಕೇರಳದ ಮಲಬಾರ್ ಜಿಲ್ಲೆಗೆ ಸೇರಿತು, 1957ರ ಜನವರಿ 1ರಿಂದ ಕಣ್ಣೂರು ಜಿಲ್ಲೆಗೆ, 1984ರ ಮೇ 24ರಿಂದ ಕಾಸರಗೋಡು ಜಿಲ್ಲೆಗೆ. ಮುಂದೆ ಮಂಜೇಶ್ವರವೇ ಪ್ರತ್ಯೇಕ ತಾಲೂಕಾಯಿತು. ಹಳೆ ವಿದ್ಯಾರ್ಥಿಗಳ ದಾಖಲೆಯಲ್ಲಿ ಹುಟ್ಟೂರಿನ ಜಿಲ್ಲೆಯನ್ನು ವ್ಯಕ್ತಿಯ ಸಾಲಿನಲ್ಲಿ ಟೈಪ್ ಮಾಡಿದರೆ ಒಂದೇ ಊರಿನ ಅಣ್ಣ, ತಮ್ಮ ಎರಡು ಜಿಲ್ಲೆಯವರಾಗುತ್ತಾರೆ, ಯಾವುದು ತಪ್ಪು ಎಂದು ಹೇಳಲೂ ಆಗದು. ಗ್ರಾಮ ಒಂದು ಚೌಕ, ಜಿಲ್ಲೆ ಒಂದು ಚೌಕ, ನಡುವೆ 'ಸೇರಿದೆ' ಎಂಬ ಸಂಬಂಧ, ಅದಕ್ಕೆ 'ಎಂದಿನಿಂದ', 'ಎಂದಿನವರೆಗೆ' ಎಂಬ ಎರಡು ವಿವರ. ವ್ಯಕ್ತಿಯ ಸಾಲಿನಲ್ಲಿ ಗ್ರಾಮ ಮತ್ತು ಹುಟ್ಟಿದ ತಾರೀಕು ಇದ್ದರೆ ಅಂದಿನ ಜಿಲ್ಲೆ ತಾನಾಗಿ ಸಿಗುತ್ತದೆ. ಇಂದು ಒಂದಕ್ಕೆ ಹಲವು ಎಂದು ಕಾಣುವ ಸಂಬಂಧ ಇತಿಹಾಸ ಸೇರಿದಾಗ ಹಲವಕ್ಕೆ ಹಲವು ಆಗುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ತರಗತಿಗೆ ಸಿಗದು.

ಪ್ರೈಮರಿ ಕೀ ಆರಿಸುವಾಗ ಫೋನ್ ನಂಬರ್ ಬೇಡ: ಒಂದು ಮನೆಯಲ್ಲಿ ಮೂವರು ಮಕ್ಕಳಿಗೆ ಅಮ್ಮನ ನಂಬರೇ ಇರುತ್ತದೆ, ನಂಬರ್ ಬದಲಾಗುತ್ತಲೂ ಇರುತ್ತದೆ. ಅದನ್ನು ಅಂಕಿಯ ಕಾಲಂ ಆಗಿಯೂ ಇಡಬೇಡಿ, ಕಾಸರಗೋಡಿನ ಎಸ್‌ಟಿಡಿ ಕೋಡ್ 04994ರ ಮೊದಲ ಸೊನ್ನೆ ಹಾರಿಹೋಗುತ್ತದೆ. ಆಧಾರ್ ಸಂಖ್ಯೆ ಗ್ರಂಥಾಲಯಕ್ಕೆ ಬೇಕಾಗಿಯೇ ಇಲ್ಲ. ಪುಸ್ತಕದ ಮೇಲೆ ಮುದ್ರಿಸುವ ಅಂತರರಾಷ್ಟ್ರೀಯ ಸಂಖ್ಯೆ ಐಎಸ್‌ಬಿಎನ್ ಕೃತಿಗೆ ಕೀ ಆಗದು. ಹಳೆಯ ಕನ್ನಡ ಪುಸ್ತಕಗಳಲ್ಲಿ ಅದು ಇರುವುದೇ ಇಲ್ಲ, ಇದ್ದವು 2007ಕ್ಕೆ ಮೊದಲು 10 ಅಂಕಿ, ಆಮೇಲೆ 13. ಗ್ರಂಥಾಲಯವೇ ಕೊಡುವ ಸದಸ್ಯ ನಂಬರ್, ಆಕ್ಸೆಷನ್ ನಂಬರ್ ಸಾಕು, ಮತ್ತು ಒಮ್ಮೆ ಕೊಟ್ಟ ನಂಬರನ್ನು ಇನ್ನೊಬ್ಬರಿಗೆ ಮತ್ತೆ ಕೊಡಬಾರದು.

ಕಾಲಂ ಉದ್ದದ ಬಗ್ಗೆ ಒಂದು ಮಾತು. 'ಸ್ತ್ರೀ' ನಮ್ಮ ಕಣ್ಣಿಗೆ ಒಂದಕ್ಷರ. ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಅದು ಸ, ವಿರಾಮ, ತ, ವಿರಾಮ, ರ, ಈಕಾರ ಎಂದು 6 ಸಂಕೇತ. ಆ ಸಂಕೇತಗಳನ್ನು ಕಂಪ್ಯೂಟರಿನಲ್ಲಿ ಉಳಿಸುವ ಯುಟಿಎಫ್-8 ಕ್ರಮದಲ್ಲಿ ಒಂದೊಂದಕ್ಕೆ 3ರಂತೆ 18 ಬೈಟ್. ಬೈಟ್ ಲೆಕ್ಕದಲ್ಲಿ ಅಳೆಯುವ ಡೇಟಾಬೇಸ್‌ನಲ್ಲಿ ಇಂಗ್ಲಿಷ್ ಹೆಸರಿಗೆ ಸಾಕಾದ 30 ಬೈಟ್ ಉದ್ದದ ಕಾಲಂ ಕನ್ನಡದ ಹೆಸರನ್ನು ನಡುವೆ ಕತ್ತರಿಸುತ್ತದೆ, ಇಲ್ಲವೇ ತೆಗೆದುಕೊಳ್ಳುವುದೇ ಇಲ್ಲ. ಚಿತ್ರದಲ್ಲಿ ಹೆಸರಿನ ವಿವರದ ಪಕ್ಕದಲ್ಲೇ ಇದನ್ನು ಬರೆದಿಡಿ.

ಹಾಲಿನ ಸೊಸೈಟಿ, ಬ್ಯಾಂಕುಗಳಂಥ ಕಡೆ ಇನ್ನೊಂದು ಬಲೆಯಿದೆ. ಸಂಘಕ್ಕೆ ಶಾಖೆಗಳು, ಸಂಘಕ್ಕೆ ನೌಕರರು ಎಂದು ಎರಡೂ ಗೆರೆ ಸಂಘದಿಂದಲೇ ಹೊರಟರೆ ಯಾವ ನೌಕರರು ಯಾವ ಶಾಖೆಯಲ್ಲಿದ್ದಾರೆ ಎಂದು ಹೇಳಲಾಗದು. ಟೇಬಲ್‌ಗಳನ್ನು ಜೋಡಿಸಿದಾಗ ಪ್ರತಿಯೊಬ್ಬರೂ ಎಲ್ಲ ಶಾಖೆಗಳಲ್ಲೂ ಕಾಣಿಸಿಕೊಂಡು ಸಂಬಳದ ಮೊತ್ತ ಹಲವು ಪಟ್ಟಾಗುತ್ತದೆ. ಸಂಘ, ಶಾಖೆ, ನೌಕರ ಎಂದು ಸಾಲಾಗಿ ಬಿಡಿಸಿದರೆ ಸರಿಹೋಗುತ್ತದೆ. ಶಾಖೆಗೆ ಸೇರದ ನೌಕರರೂ ಇದ್ದರೆ ಮಾತ್ರ ಸಂಘಕ್ಕೆ ಬೇರೆ ಗೆರೆ ಬೇಕು.

ಸಾಮಗ್ರಿಯ ಚಿಂತೆ ಬೇಡ. ಎ3 ಹಾಳೆ, ಪೆನ್ಸಿಲ್, ರಬ್ಬರ್ ಮತ್ತು ರಿಜಿಸ್ಟರ್ ಬರೆಯುವವರು ಜೊತೆಗಿದ್ದರೆ ಊರ ಗ್ರಂಥಾಲಯದ ಮೊದಲ ಚಿತ್ರ ಅರ್ಧ ದಿನದಲ್ಲಿ ಆಗುತ್ತದೆ; ಹತ್ತು ಹನ್ನೆರಡು ಚೌಕ ಸಾಕು. ಬಳಿಕ ಚಿತ್ರ ಬಿಡಿಸುವ ತಂತ್ರಾಂಶಗಳಾದ ಡ್ರಾ.ಐಓದಲ್ಲೋ ಮೈಎಸ್‌ಕ್ಯೂಎಲ್ ವರ್ಕ್‌ಬೆಂಚಿನಲ್ಲೋ ಶುದ್ಧಪ್ರತಿ ಮಾಡಬಹುದು. ಕಟ್ಟಿ ಮುಗಿದ ಡೇಟಾಬೇಸಿನಿಂದಲೇ ವರ್ಕ್‌ಬೆಂಚ್ ಚಿತ್ರ ತೆಗೆದುಕೊಡುತ್ತದೆ ನಿಜ, ಆದರೆ ಅದು ಆಗಿರುವ ತಪ್ಪನ್ನೇ ಅಂದವಾಗಿ ತೋರಿಸುತ್ತದೆ. ಪದವಿ ತರಗತಿಗಳಲ್ಲಿ ಚೌಕ, ವಜ್ರ, ಮೊಟ್ಟೆಗಳನ್ನು ಅಂಕಕ್ಕಾಗಿ ಬಾಯಿಪಾಠ ಮಾಡಿಸುವ ಬದಲು ಹತ್ತಿರದ ಗ್ರಂಥಾಲಯದ ಇಶ್ಯೂ ರಿಜಿಸ್ಟರಿನ ಹತ್ತು ಪುಟ ಮುಂದಿಟ್ಟು ಬಿಡಿಸಲು ಹೇಳಿ ಎಂದು ಅಧ್ಯಾಪಕ ಮಿತ್ರರನ್ನು ಕೇಳಿಕೊಳ್ಳುತ್ತೇವೆ.

ಸಮಿತಿಯವರಲ್ಲಿ ನಮ್ಮ ವಿನಂತಿ ಇಷ್ಟು. ತಂತ್ರಾಂಶಕ್ಕೆ ಕೊಟೇಶನ್ ಕರೆಯುವಾಗ, ಕನ್ನಡದಲ್ಲಿ ಹೆಸರು ಬರೆದ ಇಆರ್ ಚಿತ್ರ ಮತ್ತು ಅದರಲ್ಲಿ ಹಿಡಿಯದ ನಿಯಮಗಳ ಒಂದು ಪುಟವನ್ನು ಒಪ್ಪಿಸಿದ ಮೇಲೆಯೇ ಮೊದಲ ಕಂತು ಎಂದು ಒಂದು ಸಾಲು ಸೇರಿಸಿ. ಚಿತ್ರ ಬಂದಾಗ ಮೇಜಿನ ಮೇಲೆ ಹರಡಿ ಪ್ರಶ್ನೆಗಳನ್ನು ಕೇಳಿ, ಉತ್ತರದ ದಾರಿಯನ್ನು ಬೆರಳಿಟ್ಟು ತೋರಿಸಲು ಹೇಳಿ. ಈಗ ಹೊರಗಿರುವ ಪ್ರತಿಗಳು ಯಾರ ಬಳಿ ಇವೆ? ಕಳೆದ ವರ್ಷ ಒಮ್ಮೆಯೂ ಕಪಾಟಿನಿಂದ ಇಳಿಯದ ಕೃತಿಗಳು ಯಾವುವು? ಮಲಯಾಳದಿಂದ ಕನ್ನಡಕ್ಕೆ ಬಂದ ಪುಸ್ತಕಗಳೆಷ್ಟು, ಅನುವಾದಿಸಿದವರು ಯಾರು? ಒಬ್ಬ ದಾನಿ ಕೊಟ್ಟವುಗಳಲ್ಲಿ ಕಳೆದುಹೋದದ್ದೆಷ್ಟು? ಎಲ್ಲಾದರೂ ಬೆರಳು ಗೆರೆಯಿಲ್ಲದ ಜಾಗಕ್ಕೆ ಬಂದು ನಿಂತರೆ ಹಾಳೆಯನ್ನು ವಾಪಸ್ ಕಳುಹಿಸಿ. ಒಪ್ಪಿಗೆಯಾದ ಚಿತ್ರಕ್ಕೆ ತಾರೀಕು ಹಾಕಿ, ಸಹಿ ಮಾಡಿ, ಒಂದು ಪ್ರತಿಯನ್ನು ಮಿನಿಟ್ಸ್ ಪುಸ್ತಕಕ್ಕೆ ಅಂಟಿಸಿಡಿ. ನಾಳೆ ತಂತ್ರಾಂಶ ಬರೆದವರು ಊರು ಬಿಟ್ಟರೂ ಬೇರೆಯವರು ಅದನ್ನು ನೋಡಿ ಕೆಲಸ ಮುಂದುವರಿಸಬಹುದು.

ಇಂತು,
ಗಡಿನಾಡಿನ ಕೆಲವು ಡೇಟಾಬೇಸ್ ಅಧ್ಯಾಪಕರು ಮತ್ತು ಕೆಲಸಗಾರರು
ಕಾಸರಗೋಡು